ಭಾಗ್ಯಳ ಅವ್ವನಿಗೆ ಬಳಿದ ಸುಣ್ಣ

ಭಾಗ್ಯಳ ಮದುವೆಗೆ ಆರು ಜಂಪರು ಹೊಲಿದವಳು ನಾನು. ಅವಳ ಅವ್ವನ ಸಮಾಧಿಗೆ ಸುಣ್ಣ ಬಳಿಯುವಾಗ ಬಕೆಟ್ಟು ಹಿಡಿದು ನಿಂತವಳೂ ನಾನೇ. ಮೊದಲನೆಯದನ್ನು ಯಾರು ಕೇಳಿದರೂ ಹೇಳುತ್ತೇನೆ, ಎರಡನೆಯದನ್ನು ಇಷ್ಟು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ಸಂಡೂರಿನಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಭಾಗ್ಯಳಿಗೆ ಹದಿನಾರು ತುಂಬಿದ ವರ್ಷ ಅವಳ ಅವ್ವ ವಿರುಪಮ್ಮ ಜ್ವರದಲ್ಲಿ ತೀರಿಕೊಂಡಳು. ಅಂದಿನಿಂದ ಮನೆ ನಡೆಸಿದವಳು, ಅಪ್ಪ ಉಚ್ಚೆಂಗಪ್ಪನನ್ನು ಸಾಕಿದವಳು ಈ ಹುಡುಗಿಯೇ. ಆಮೇಲೆ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸಕ್ಕೂ ಸೇರಿದಳು. ಬಾಯಿ ಮಾತ್ರ ಬಲು ಜೋರು. ನೋಡಲು ಬಂದ ಕಂಪ್ಲಿಯ ವರ ಕನಕರಾಜನಿಗೆ ತಲೆ ಎತ್ತಿ ಒಂದೇ ಪ್ರಶ್ನೆ ಕೇಳಿದಳು.

"ನಿಮ್ಮೂರಾಗ ಒಣಗಾಕಿದ ಬಿಳೇ ಬಟ್ಟಿ ಬೆಳ್ಳಗ ಇರ್ತಾವೇನ್ರಿ?"

ಅವನು ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ಸ್ವಲ್ಪ ಯೋಚಿಸಿ, "ತೌಡಿನ ಧೂಳು ಬೀಳ್ತತಿ. ಝಾಡಿಸಿದ್ರ ಹೋಗ್ತತಿ," ಎಂದ. ಅಷ್ಟಕ್ಕೇ ಒಪ್ಪಿಕೊಂಡಳು. ನಮ್ಮೂರಿನ ಧೂಳು ಝಾಡಿಸಿದರೆ ಹೋಗುವಂಥದ್ದಲ್ಲ. ಎರಡು ಸಾವಿರದ ಆರನೇ ಇಸವಿ ಅದು. ಹಗಲೂ ರಾತ್ರಿ ಅದಿರಿನ ಲಾರಿಗಳು. ಮರ, ನಾಯಿ, ದೇವರ ಗುಡಿ, ಮಕ್ಕಳ ತಲೆಗೂದಲು ಎಲ್ಲಕ್ಕೂ ಒಂದೇ ಕೆಂಪು ಬಣ್ಣ.

ಉಚ್ಚೆಂಗಪ್ಪ ತನ್ನ ಮೂರು ಎಕರೆ ಹೊಲವನ್ನು ಅದಿರು ತೆಗೆಯಲು ಕೊಟ್ಟಿದ್ದ. ಕೊಟ್ಟವನೇ ಕೊರಳಿಗೊಂದು ಸೀಟಿ ಹಾಕಿಕೊಂಡು ಅದೇ ಹೊಲಕ್ಕೆ ವಾಚ್‌ಮನ್ ಆದ! ತನ್ನ ಹೊಲಕ್ಕೆ ತಾನೇ ಕಾವಲುಗಾರ. ನನಗೆ ಅವನನ್ನು ಕಂಡರೆ ಸಿಟ್ಟೂ ಬರುತ್ತಿತ್ತು, ಅಯ್ಯೋ ಅನ್ನಿಸುತ್ತಲೂ ಇತ್ತು. ಹೊಲದ ಮೂಲೆಯಲ್ಲಿ ವಿರುಪಮ್ಮನ ಸಮಾಧಿ ಇತ್ತು. ನಾಲ್ಕು ಕಲ್ಲು, ಒಂದು ಕಣಗಿಲೆ ಗಿಡ, ಅಷ್ಟೇ. "ಆ ಮೂಲಿಗೆ ನಾವು ಕೈ ಹಚ್ಚಂಗಿಲ್ಲ," ಎಂದು ಮೈನ್ಸಿನವರು ಬಾಯಿಮಾತಿನಲ್ಲಿ ಹೇಳಿದ್ದರು. ಜೆಸಿಬಿ ನಡೆಸುವ ಮೂಕಣ್ಣ ನಮ್ಮವನೇ, ಅವನಿಗೆ ಜಾಗ ಗೊತ್ತಿತ್ತು. ಅದನ್ನು ಬಿಟ್ಟು ಸುತ್ತ ಬಳಸಿಕೊಂಡು ಅಗೆಯುತ್ತಿದ್ದ. ಮದುವೆ ಗೊತ್ತಾಗುವ ಹೊತ್ತಿಗೆ ಮೂರು ಕಡೆ ಗುಂಡಿಯಾಗಿ, ವಿರುಪಮ್ಮ ಒಂದು ದಿಬ್ಬದ ಮೇಲೆ ಒಬ್ಬಳೇ ಉಳಿದಿದ್ದಳು.

ಅವರ ಮನೆತನದಲ್ಲಿ ಒಂದು ಪದ್ಧತಿ. ಅವ್ವ ಇಲ್ಲದ ಹುಡುಗಿಗೆ ಅರಿಶಿಣ ಹಚ್ಚುವ ದಿನ, ಮುಂಜಾನೆ ಅವ್ವನ ಸಮಾಧಿಗೆ ಎಡೆ ಕೊಟ್ಟು, ಒಂದು ಹಿಡಿ ಮಣ್ಣು ತಂದು ಹಸೆಯ ಕೆಳಗೆ ಇಡುತ್ತಾರೆ. ಹುಡುಗಿ ಅದರ ಮೇಲೆ ಕುಳಿತು ಅರಿಶಿಣ ಹಚ್ಚಿಸಿಕೊಳ್ಳಬೇಕು. ಅವ್ವನ ತೊಡೆಯ ಮೇಲೆ ಕೂತ ಹಾಗೆ ಎಂದು ಹಿರಿಯರು ಹೇಳುತ್ತಾರೆ. ಭಾಗ್ಯ ಮದುವೆಗೆಂದು ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಸೀರೆಯ ಬಣ್ಣ ಕೇಳಿದರೆ "ಯಾವ್ದರ ತರ್ರಿ," ಎನ್ನುತ್ತಿದ್ದಳು. ಮಣ್ಣಿನ ಮಾತು ಬಂದರೆ ಮಾತ್ರ, "ನಾನ ಹೋಗಿ ತರ್ತೀನಿ, ಬ್ಯಾರೆ ಯಾರೂ ತರೋದು ಬ್ಯಾಡ," ಎಂದು ಗಟ್ಟಿಯಾಗಿ ಹೇಳುತ್ತಿದ್ದಳು.

ಭಾನುವಾರ ಮದುವೆ, ಶುಕ್ರವಾರ ಸಂಜೆ ಅರಿಶಿಣ. ಬುಧವಾರ ಮನೆಗೆ ಸುಣ್ಣ ಬಳಿದೆವು. ಉಚ್ಚೆಂಗಪ್ಪ ಕೆಲಸಕ್ಕೆ ರಜೆ ಹಾಕಿ ಲಗ್ನಪತ್ರಿಕೆ ಹಂಚಲು ಕಂಪ್ಲಿ ಕಡೆ ಹೋಗಿದ್ದ. ಬಕೆಟ್ಟಿನಲ್ಲಿ ಒಂದಿಷ್ಟು ಸುಣ್ಣ ಉಳಿಯಿತು.

"ಶೈಲಕ್ಕ, ಮೂಕಣ್ಣ ಬ್ಯಾರೆ ಊರಿಗೆ ಹೋಗ್ಯಾನಂತ. ಮಷಿನ್ ಮ್ಯಾಲ ಹೊಸಬ ಬಂದಾನಂತ," ಎಂದಳು ಭಾಗ್ಯ. "ಅವನ್ಗ ಅವ್ವನ ಜಾಗ ಗೊತ್ತಿರ್ತತೋ ಇಲ್ಲೋ. ಕಲ್ಲೂ ಮಣ್ಣೂ ಎಲ್ಲಾ ಒಂದ ಬಣ್ಣ ಆಗೇತಿ."

"ಈ ಸುಣ್ಣ ಬಳದ್ರ ದೂರದಿಂದ್ಲ ಎದ್ದು ಕಾಣ್ತತಿ, ನಡಿ," ಎಂದೆ ನಾನು. ಹೌದು, ಅದು ನನ್ನದೇ ಮಾತು.

ಊಟಕ್ಕೆಂದು ಮಷಿನ್ ನಿಂತ ಹೊತ್ತಿನಲ್ಲಿ ಹೋದೆವು. ಭಾಗ್ಯ ನಾಲ್ಕೂ ಕಲ್ಲುಗಳಿಗೆ ಸುಣ್ಣ ಬಳಿದಳು. ಅಷ್ಟಕ್ಕೇ ಮನಸ್ಸು ನಿಲ್ಲದೆ ಉಳಿದ ಸುಣ್ಣವನ್ನು ಸುತ್ತಲೂ ಸುರಿಯುತ್ತ ಒಂದು ದೊಡ್ಡ ಗೆರೆ ಎಳೆದಳು. ಆ ಕೆಂಪಿನಲ್ಲಿ ಅದೊಂದೇ ಬೆಳ್ಳಗೆ ಹೊಳೆಯುತ್ತಿತ್ತು. "ಈಗ ಅವ್ವನೂ ಮದಿವಿಗೆ ತಯಾರಾದ್ಳು ನೋಡ್ರಿ," ಎಂದು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಗುರುವಾರ ಮಧ್ಯಾಹ್ನ ನಮ್ಮ ಓಣಿಯ ಮುಂದೆ ಲಾರಿಗಳ ಸಾಲು. ಒಣಗಿದ್ದ ಹೊಸ ಸುಣ್ಣದ ಮೇಲೆಲ್ಲ ಕೆಂಪು ಧೂಳು ಕೂತಿತು. ಭಾಗ್ಯಳಿಗೆ ಎಲ್ಲಿಲ್ಲದ ಸಿಟ್ಟು. ಲಾರಿಯವರಿಗೆ ಬಾಯಿಗೆ ಬಂದಂತೆ ಬೈಯುತ್ತ, ಕೊಡಗಟ್ಟಲೆ ನೀರು ಎರಚಿ ಗೋಡೆ, ಕಟ್ಟೆ, ಹೊಸ್ತಿಲು ಉಜ್ಜಿದಳು. ಕೆಂಪು ನೀರು ಚರಂಡಿಗೆ ಹರಿಯಿತು. "ಮದುಮಗಳು ಕೈಯಾಗ ಪೊರಕಿ ಹಿಡಕೊಂಡು ಲಾರಿ ಹಿಂದ ಓಡ್ಯಾಳು, ಹಿಡೀರ್ರಿ," ಎಂದು ನಾನು ನನ್ನ ಬಾಗಿಲಲ್ಲಿ ನಿಂತು ರೇಗಿಸಿದೆ.

ಶುಕ್ರವಾರ ಮುಂಜಾನೆ ಉಚ್ಚೆಂಗಪ್ಪ, ಭಾಗ್ಯ, ನಾನು ಎಡೆ ಹಿಡಿದು ಹೊರಟೆವು. ಬುಟ್ಟಿಯಲ್ಲಿ ಹೋಳಿಗೆ, ಹಸಿರು ಬಳೆ, ಒಂದು ಕುಪ್ಪಸದ ಕಣ, ಅವ್ವನ ಹೆಸರಿಗೆಂದು ತೆಗೆದಿಟ್ಟ ಮೊದಲ ಲಗ್ನಪತ್ರಿಕೆ. ಹೊಲದ ಮೂಲೆಗೆ ಬಂದಾಗ ದಾರಿ ತಪ್ಪಿದೆವೇನೋ ಎಂದುಕೊಂಡೆ. ದಿಬ್ಬ ಇರಲಿಲ್ಲ. ಕಣಗಿಲೆ ಗಿಡ ಇರಲಿಲ್ಲ. ಮೂರು ಕಡೆಯ ಗುಂಡಿ ಒಂದೇ ಗುಂಡಿಯಾಗಿ, ಎರಡಾಳು ಆಳಕ್ಕೆ ಬಾಯಿ ತೆರೆದುಕೊಂಡಿತ್ತು.

ಉಚ್ಚೆಂಗಪ್ಪ ಓಡಿಹೋಗಿ ಮಷಿನ್ನಿನಲ್ಲಿದ್ದ ಹೊಸಬನ ಕೊರಳಪಟ್ಟಿ ಹಿಡಿದು ಕೆಳಗೆಳೆದ. "ನನ್ನ ಹೆಂಡ್ತಿ ಎಲ್ಲಿ? ಎಲ್ಲಿ ಹಾಕಿದ್ಯಲೇ?"

ಹೊಸಬ ಹಾಲೇಶ್ ಬೆವೆತುಹೋದ. "ಯಜಮಾನ್ರೇ, ಸುಣ್ಣ ಹಾಕಿತ್ತಲ್ರಿ! ಸುಣ್ಣದ ಗೆರಿ ಒಳಗಿಂದು ಮೊದ್ಲು ಎತ್ತಬೇಕು ಅಂತ ಹೇಳ್ಯಾರ್ರಿ. ನಿನ್ನಿ ಮುಂಜಾನಿ ಎತ್ತಿದೆ, ಮಧ್ಯಾಹ್ನ ಲೋಡ್ ಹೋತು. ಇಷ್ಟೊತ್ತಿಗೆ ಬಂದರಿಗೆ ಮುಟ್ಟಿರ್ತತಿ. ಮಣ್ಣು ಆಗ್ಲೀ ಮನಿಶಿ ಆಗ್ಲೀ, ಮಷಿನ್ ಬಕೆಟ್‌ನಾಗ ನನಗೇನು ಕಾಣ್ತತ್ರಿ?"

ಆಗ ತಿಳಿಯಿತು. ಒಳ್ಳೆಯ ಅದಿರು ಇರುವ ಜಾಗಕ್ಕೆ ಮೈನ್ಸಿನವರು ಸುಣ್ಣದ ಗೆರೆ ಹಾಕುತ್ತಾರೆ. ಮರುದಿನ ಮಷಿನ್ ಬಂದು ಗೆರೆಯೊಳಗಿನದನ್ನು ಎತ್ತುತ್ತದೆ. ವಾಚ್‌ಮನ್ ಉಚ್ಚೆಂಗಪ್ಪನಿಗೆ ಇದು ಗೊತ್ತಿತ್ತು. ಅಡುಗೆ ಮಾಡುವವಳಿಗೂ ಜಂಪರು ಹೊಲಿಯುವವಳಿಗೂ ಯಾರು ಹೇಳಬೇಕಿತ್ತು?

"ಇಲ್ಲಿ ಯಾವ ಸೂಳೇಮಗ ಸುಣ್ಣ ಹಾಕಿದ?" ಎಂದು ಉಚ್ಚೆಂಗಪ್ಪ ಕೈ ಎತ್ತಿದ.

ಭಾಗ್ಯ ನಡುವೆ ಹೋಗಿ ನಿಂತಳು. "ಅಪ್ಪಾ, ಅವನ್ಗ ಹೊಡಿಬ್ಯಾಡ. ಸುಣ್ಣ ಹಾಕಿದಾಕಿ ನಾನು."

ಎತ್ತಿದ ಕೈಯನ್ನು ಎಲ್ಲಿ ಇಳಿಸಬೇಕೆಂದು ಅವನಿಗೆ ತಿಳಿಯಲಿಲ್ಲ. ಆ ಉಪಾಯ ಹೇಳಿದವಳು ನಾನು ಎಂದು ನಾನು ಅಲ್ಲಿ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಇವತ್ತಿಗೂ ಆ ನಾಚಿಕೆ ನನ್ನನ್ನು ಸುಡುತ್ತದೆ. ಭಾಗ್ಯ ಗುಂಡಿಗೆ ಇಳಿದು ತಳದಲ್ಲೆಲ್ಲ ಕೈಯಾಡಿಸಿದಳು. ಒಂದು ಬಳೆಚೂರೂ ಸಿಗಲಿಲ್ಲ. ಎಡೆಯನ್ನು ಹೊತ್ತುಕೊಂಡು ಮನೆಗೆ ಬಂದೆವು.

ಮದುವೆ ನಿಲ್ಲಿಸುವಂತಿರಲಿಲ್ಲ. ಹಂದರ ಎದ್ದಿತ್ತು, ನೆಂಟರು ಇಳಿದಿದ್ದರು. "ಯಾರಿಗೂ ಹೇಳಬ್ಯಾಡ್ರಿ," ಎಂದು ಉಚ್ಚೆಂಗಪ್ಪ ನನ್ನ ಕೈ ಹಿಡಿದು ಬೇಡಿಕೊಂಡ. ಸಂಜೆ ಹೆಂಗಸರು ಸೇರಿದರು. ಅವನ ದೊಡ್ಡಕ್ಕ ಜಂಬಕ್ಕ ಹಸೆ ಬರೆದು, ಅರಿಶಿಣದ ಬಟ್ಟಲು ಹಿಡಿದು ಕೇಳಿದಳು.

"ಎಲ್ಲೈತವ್ವ ಮಣ್ಣು? ಜಲ್ದಿ ತಾ."

ಭಾಗ್ಯಳ ಕೈ ಬರಿದಾಗಿತ್ತು. ನನಗೆ ತಡೆಯಲಾಗಲಿಲ್ಲ, ಹೊರಗೆ ಹೋದೆ. ಅವರ ಹೊಲದ ಲಾರಿಗಳು ಹೋಗುವುದು ಈ ಓಣಿಯ ಮುಂದೆಯೇ ಅಲ್ಲವೇ? ವಿರುಪಮ್ಮ ಮಗಳ ಬಾಗಿಲ ಮುಂದಿನಿಂದಲೇ ಹೋಗಿರಬೇಕು, ಗೋಡೆ, ಕಟ್ಟೆಯ ಮೇಲೆ ಒಂದಿಷ್ಟಾದರೂ ಉಳಿದಿರಬೇಕು. ಬೆರಳಿನಿಂದ ಕಟ್ಟೆಯ ಮೇಲಿನ ಕೆಂಪು ಧೂಳನ್ನು ಒಟ್ಟುಮಾಡಿ, ಅಂಗೈಯಲ್ಲಿ ಹಿಡಿದು ಒಳಗೆ ತಂದು ಅವಳ ಮುಂದೆ ಚಾಚಿದೆ.

ಅವಳು ಅದನ್ನು ನೋಡಿದಳು. ನಾನು ಏನು ಮಾಡಿದ್ದೇನೆಂದು ಅವಳಿಗೆ ಕೂಡಲೇ ಅರ್ಥವಾಯಿತು. ನನಗಷ್ಟೇ ಕೇಳುವಂತೆ ಹೇಳಿದಳು.

"ಇದು ಇವತ್ತಿನ ಧೂಳು, ಅಕ್ಕ. ಅವ್ವ ಬಂದಿದ್ದು ನಿನ್ನಿ. ನಾನ ನೀರು ಹಾಕಿ ತೊಳದುಬಿಟ್ಟೆ."

ಜಂಬಕ್ಕನ ಕಿವಿ ಮಂದ. "ತಂದ್ಯಾ? ಕೊಡು ಇಲ್ಲಿ," ಎಂದು ನನ್ನ ಅಂಗೈಯಿಂದ ಧೂಳನ್ನು ಬಳಿದುಕೊಂಡು ಹಸೆಯ ಕೆಳಗಿಟ್ಟಳು. ಹೆಂಗಸರು ಹಾಡಲು ಶುರುಮಾಡಿದರು. ಭಾಗ್ಯ ಅದರ ಮೇಲೆ ಕುಳಿತಳು.