ಮೂರು ಗಂಟಿನ ದಾರ

ಮೊನ್ನೆ ಕ್ಯಾಮೆರಾ ಚೀಲ ಕೊಡವುವಾಗ ಅರಿಶಿನದ ದಾರದ ಒಂದು ತುಂಡು ಕೈಗೆ ಬಂತು. ಬಣ್ಣ ಮಾಸಿತ್ತು, ಮೂಗಿನ ಹತ್ತಿರ ಹಿಡಿದರೆ ಮಾತ್ರ ಇನ್ನೂ ಮದುವೆ ಮನೆಯ ವಾಸನೆ... ಈಗಿನ ಕ್ಯಾಮೆರಾಗಳಲ್ಲಿ ಎರಡೆರಡು ಮೆಮೊರಿ ಕಾರ್ಡು ಕೂರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ. ದಾರದ ಹಂಗೇ ಇಲ್ಲ. ಆದರೂ ನಾನು ಕಟ್ಟುತ್ತೇನೆ. ಅದನ್ನು ಕಲಿಸಿದವರು ಗುಂಡ್ಲುಪೇಟೆಯ ಸ್ಟುಡಿಯೋ ಅಣ್ಣ.

ಅವರ ಹತ್ತಿರ ಆರು ವರ್ಷ ದುಡಿದೆ. ಮದುವೆ ಒಪ್ಪಿಕೊಂಡರೆ ವಾರ ಮೊದಲೇ ಆ ಮನೆಗೆ ಹೋಗಿ, ಕಾಫಿ ಕುಡಿದು, ಪುಸ್ತಕ ಬಿಚ್ಚಿ, "ಯಾರ್ ಮೊಕ ಬುಡಬಾರ್ದು ಏಳಿ" ಎಂದು ಕೇಳುವರು. ಅಜ್ಜಿ, ಸೋದರಮಾವ, ಮುನಿಸಿಕೊಂಡು ಮೂಲೆ ಹಿಡಿಯುವ ಚಿಕ್ಕಪ್ಪ, ಎಲ್ಲರನ್ನೂ ಬರೆದುಕೊಳ್ಳುವರು. ಹೊರಗೆ ಬಂದ ಮೇಲೆ ನನಗೆ ಪಾಠ. "ಗಂಡು ಎಣ್ಣಿನ್ ಫೋಟೋ ಯಾವನ್ ಬೇಕಾದ್ರೂ ತಗೀತಾನ ಕಣ್ಲಾ. ಮೂಲೇಲ್ ನಿಂತೋರ್ನ ತಗಿ."

ಕಾರ್ಡಿನ ವಿಷಯದಲ್ಲಂತೂ ಅವರದು ಕಟ್ಟುನಿಟ್ಟು. ತುಂಬಿದ ಕಾರ್ಡನ್ನು ಅದರ ಡಬ್ಬಿಗೆ ಹಾಕಿ ಅರಿಶಿನದ ದಾರ ಸುತ್ತಿ ಗಂಟು ಹಾಕಬೇಕು. ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆಯೇ ದಾರ ಕತ್ತರಿಸಬೇಕು. ದಾರವಿದ್ದ ಕಾರ್ಡನ್ನು ಬ್ರಹ್ಮ ಬಂದರೂ ಮುಟ್ಟುವಂತಿಲ್ಲ. ಕತ್ತರಿಸಿದ ದಾರವನ್ನು ನೆಲಕ್ಕೆ ಎಸೆಯುವಂತೆಯೂ ಇಲ್ಲ, ಅರಿಶಿನ ಕಾಲಿಗೆ ಸಿಗಬಾರದು. ಅಣ್ಣ ಅದನ್ನು ತಮ್ಮ ಮಣಿಕಟ್ಟಿಗೇ ಸುತ್ತಿಕೊಂಡು ಆಮೇಲೆ ಗಿಡದ ಬುಡಕ್ಕೆ ಹಾಕುತ್ತಿದ್ದರು. ಅವರು ಹಾಕುತ್ತಿದ್ದುದು ಒಂದೇ ಗಂಟು. ನಾನು ಹೆದರುಪುಕ್ಕಲ, ಮೂರು ಹಾಕುತ್ತಿದ್ದೆ. "ತಾಳಿ ಕಟ್ದಂಗ್ ಕಟ್ತೀಯಲ್ಲಾ, ಯಾರ್ನ್ಲಾ ಮದ್ವಾದೆ?" ಎಂದು ನಗುತ್ತಿದ್ದರು.

ಉಡಿಗಾಲ ಎಂಬ ಹಳ್ಳಿಯ ಒಂದು ಮದುವೆಯ ಫೋಟೋ ಕೆಲಸ ನನ್ನ ಪಾಲಿಗೆ ಬಂತು. ಪುಸ್ತಕದಲ್ಲಿ ಹುಡುಗಿ ಬರೆಸಿದ್ದ ಮೊದಲ ಮುಖ ಅವಳ ಅಪ್ಪನದು. ಆತ ಆಸ್ಪತ್ರೆಯ ಮಂಚದಿಂದ ಎದ್ದು ಬಂದು ಕುರ್ಚಿಯ ಮೇಲೆ ಕೂತೇ ಧಾರೆ ಎರೆದಿದ್ದರು. ಕೈ ನಡುಗಿ ನೀರು ಅತ್ತಿತ್ತ ಚೆಲ್ಲುತ್ತಿತ್ತು, ಮುಖದಲ್ಲಿ ಮಾತ್ರ ಎಂಥ ಬೆಳಕು! ಅದೊಂದನ್ನೇ ಮೂವತ್ತು ಸಲ ತೆಗೆದೆ. ಸಂಜೆ ಮೂರು ಗಂಟು ಬಿಗಿದು ಕಾರ್ಡನ್ನು ಅಣ್ಣನ ಕೈಗೆ ಕೊಟ್ಟೆ. "ಇಳ್ಸ್ಕತೀನಿ, ಓಗು" ಎಂದರು. ಮಾರನೆಯ ಬೆಳಿಗ್ಗೆ ಅವರಿಗೆ ಸಂತೆಮರಹಳ್ಳಿಯಲ್ಲಿ ಮುಹೂರ್ತವಿತ್ತು.

ನಾಲ್ಕು ದಿನ ಬಿಟ್ಟು ನೋಡಿದರೆ ಆ ಕಾರ್ಡಿನಲ್ಲಿ ಸಂತೆಮರಹಳ್ಳಿಯ ಮದುವೆ. ಉಡಿಗಾಲದ್ದು ಒಂದೂ ಇಲ್ಲ. ಹಳೆಯದನ್ನು ಎಬ್ಬಿಸಲು ಆಗುತ್ತದೇನೋ ಎಂದು ಮೈಸೂರಿಗೂ ಒಯ್ದು ತೋರಿಸಿದೆ. ಅದರ ಮೇಲೆ ಇನ್ನೊಂದು ಇಡೀ ಮದುವೆ ಕೂತಿದೆ, ಏನೂ ಸಿಗುವುದಿಲ್ಲ ಎಂದರು. ಅಣ್ಣ ನನ್ನ ಮುಖ ನೋಡದೆ, "ನೋಡನ ಬುಡು" ಎಂದರು.

ಎರಡು ವಾರಕ್ಕೆ ಆ ಹುಡುಗಿ ಗಂಡನ ಜೊತೆ ಸ್ಟುಡಿಯೋಗೆ ಬಂದಳು. ಅಪ್ಪ ತೀರಿಕೊಂಡಿದ್ದರು. ತಿಥಿಗೆ ಇಡಲು ಧಾರೆಯ ಫೋಟೋ ಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ನನ್ನತ್ತ ಬೆರಳು ತೋರಿಸಿದರು. "ಇವ್ನು ಕಾರ್ಡಿಗ್ ದಾರ ಕಟ್ದೆ ಕೊಟ್ಬುಟ್ಟ ಕಣವ್ವ. ಖಾಲಿ ಅನ್ಕಂಡು ನಾನ್ ಅಳಿಸ್ಬುಟ್ಟಿ."

ಹುಡುಗಿ ಬೈಯಲಿಲ್ಲ. ನನ್ನ ಕಡೆ ತಿರುಗಿ, "ನಮ್ಮಪ್ಪಂದು ಒಂದ್ ಫೋಟೋನೂ ಉಳುಸ್ನಿಲ್ವಲ್ಲಣ್ಣ ನೀನು" ಎಂದಳು, ಅಷ್ಟೇ. ಆ ಮಾತಿನ ಮುಂದೆ ನಾನು ಭೂಮಿಗಿಳಿದು ಹೋದೆ. ಅಣ್ಣ ಅಷ್ಟು ಗಟ್ಟಿಯಾಗಿ ಹೇಳಿದ್ದರಿಂದ ನನಗೇ ಅನುಮಾನ ಬಂತು. ನಿಜವಾಗಿಯೂ ಕಟ್ಟಿದ್ದೆನೇ... ಕಟ್ಟಿದ ಕೈಗಳೇ ನನ್ನವಲ್ಲವೇನೋ ಅನ್ನಿಸತೊಡಗಿತು.

ತಿಂಗಳ ಮೇಲೆ ಸಂತೆಮರಹಳ್ಳಿಯ ಆಲ್ಬಮ್ ಜೋಡಿಸುವ ಕೆಲಸ ನನಗೇ ಬಂತು. ಅದರಲ್ಲಿ ಹೆಣ್ಣು ಕನ್ನಡಿಯ ಮುಂದೆ ಕೂತಿದ್ದ ಒಂದು ಫೋಟೋ. ಹೆಣ್ಣನ್ನು ನಗಿಸಬೇಕಾದರೆ ಅಣ್ಣ ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಇಳಿಸಿ, ತಾವೇ ನಗುತ್ತ ಬಟನ್ ಒತ್ತುವರು. ಹಾಗಾಗಿ ಕನ್ನಡಿಯಲ್ಲಿ ಅವರೂ ಇದ್ದರು. ಮಣಿಕಟ್ಟಿನಲ್ಲಿ ಹಳದಿ ದಾರ. ದೊಡ್ಡದು ಮಾಡಿ ನೋಡಿದೆ. ಒಂದು, ಎರಡು, ಮೂರು ಗಂಟು.

ಅಣ್ಣನನ್ನು ಕರೆದು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. ತಪ್ಪಾಯಿತು ಕಣ್ಲಾ ಎಂದಿದ್ದರೆ ಅಲ್ಲಿಗೇ ಮರೆಯುತ್ತಿದ್ದೆನೋ ಏನೋ, ಅಷ್ಟು ಹಚ್ಚಿಕೊಂಡಿದ್ದೆ.

"ಆ ಫೋಟೋ ಆಲ್ಬಮ್‌ಗ್ ಬ್ಯಾಡ ಬುಡು" ಎಂದು ಟೀ ಕುಡಿಯಲು ಹೋದರು.

ಆ ವಾರವೇ ಬಿಟ್ಟು ಬಂದೆ. ಚಾಮರಾಜನಗರದಲ್ಲಿ ನನ್ನದೇ ಸ್ಟುಡಿಯೋ ಮಾಡಿಕೊಂಡೆ. ಆ ಫೋಟೋವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದೆ, ಉಡಿಗಾಲಕ್ಕೆ ಹೋಗಿ ಆ ಹುಡುಗಿಗೆ ತೋರಿಸುವ ಹಟದಿಂದ. ಒಂದು ಸಲ ಬಸ್ ಹತ್ತಿಯೂ ಹತ್ತಿದೆ. ಆದರೆ ಅಪ್ಪನ ಮುಖ ಕೇಳಿದವಳಿಗೆ ದಾರ ತೋರಿಸಿ ಏನು ಮಾಡಲಿ? ನಡುವೆಯೇ ಇಳಿದು ವಾಪಸ್ ಬಂದೆ.

ಹೋದ ತಿಂಗಳು ಅಣ್ಣ ತೀರಿಕೊಂಡರು. ಒಂದು ಮಧ್ಯಾಹ್ನ ಅವರ ಮಗಳು ನನ್ನ ಸ್ಟುಡಿಯೋ ಹುಡುಕಿಕೊಂಡು ಬಂದಳು. "ಊರೋರ್ ಫೋಟೋ ಎಲ್ಲಾ ತಗುದ್ರು, ನಮ್ಮಪ್ಪಂದು ಒಂದೂ ಇಲ್ಲ ಚಿಕ್ಕಪ್ಪ. ತಿಥಿಗ್ ಇಡಕ್ಕೆ ನಿಮ್ತವ ಏನಾರ ಅದಾ?"

ಇಲ್ಲ ಎಂದುಬಿಡಬಹುದಿತ್ತು. ಪೆನ್‌ಡ್ರೈವ್ ತೆಗೆದೆ. ಆ ಕನ್ನಡಿಯ ಫೋಟೋದಲ್ಲಿ ಅಣ್ಣ ಎಷ್ಟು ಚೆನ್ನಾಗಿ ನಕ್ಕಿದ್ದರು... ಕುತ್ತಿಗೆಯ ಕೆಳಗಿನದನ್ನೆಲ್ಲ, ಆ ಕೈಯನ್ನೂ ಸೇರಿಸಿ, ಕತ್ತರಿಸಿ ತೆಗೆದು ಮುಖವನ್ನು ಮಾತ್ರ ಪ್ರಿಂಟ್ ಹಾಕಿ ಕೊಟ್ಟೆ.

ಮಗಳು ಅದನ್ನು ಕಣ್ಣಿಗೊತ್ತಿಕೊಂಡಳು. "ಅಪ್ಪ ನಿಮ್ಮುನ್ನ ಬಾಳ ನೆನುಸ್ಕತಿತ್ತು ಚಿಕ್ಕಪ್ಪ. ನೀವ್ ಒಂದ್ಸಲ ದಾರ ಕಟ್ಟದ್ನ ಮರ್ತು ಒಂದ್ ಮದ್ವೇನೇ ಓಗ್ಬುಡ್ತಂತಲ್ಲ? ಆದ್ರೂವಿ ನಾನು ಒಂದ್ ಮಾತ್ ಬೈನಿಲ್ಲ ಅಂತಿತ್ತು."

ಮನೆಯವರಿಗೂ ಹಾಗೆಯೇ ಹೇಳಿದ್ದರು. ಸಾಯುವವರೆಗೂ! ಪೂರ್ತಿ ಫೋಟೋ ಅವಳ ಬೆನ್ನ ಹಿಂದಿನ ಕಂಪ್ಯೂಟರಿನಲ್ಲಿ ತೆರೆದೇ ಇತ್ತು. ತಿರುಗಿ ನೋಡಮ್ಮಿ ಎಂದರೆ ಸಾಕಿತ್ತು. ಅವಳು ಅಪ್ಪನ ಮುಖದ ಮೇಲೆ ಬಿದ್ದ ಕಣ್ಣೀರನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಊಂ ಕಣಮ್ಮಿ," ಎಂದೆ, "ಮರ್ತಿದ್ದಿ."

ತಿಥಿಗೆ ನಾನು ಹೋಗಲಿಲ್ಲ. ಯಾಕೆ ಹಾಗೆ ಮಾಡಿದಿರಿ ಎಂದು ಒಂದು ದಿನ ಕೇಳಬೇಕು ಅಂದುಕೊಂಡಿದ್ದೆ, ಈಗ ಕೇಳೋಣವೆಂದರೆ ಅಣ್ಣನೇ ಇಲ್ಲ. ನಾಳೆ ಮುಹೂರ್ತವಿದೆ, ಹೊಸ ದಾರ ತುಂಡು ಮಾಡಿ ಚೀಲದಲ್ಲಿಟ್ಟಿದ್ದೇನೆ. ಉಡಿಗಾಲದವರು ಮಾತ್ರ ಇವತ್ತಿನವರೆಗೂ ಯಾರೂ ಮದುವೆಯ ಫೋಟೋಗೆ ನನ್ನನ್ನು ಕರೆದಿಲ್ಲ.