ಡಬ್ಬಿ ಅಕ್ಕ
ಯಾವ ಪ್ರೋಗ್ರಾಂ ಕೈಗೆ ಸಿಕ್ಕರೂ ಅದಕ್ಕೆ ಬೇಕಾದ ಸರಂಜಾಮಿನ ಸಮೇತ ಕಂಟೇನರ್ ಎಂಬ ಡಬ್ಬಿಗೆ ತುಂಬಿಯೇ ತೀರುವ ಅವಳನ್ನು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯವರು ಡಬ್ಬಿ ಅಕ್ಕ ಎನ್ನುತ್ತಾರೆ. “ಗಂಟು ಕಟ್ಟಿದ ಮೇಲೆ ಸೂಜಿ ಮನೇಲೇ ಉಳೀತು ಅನ್ನಬಾರದು” ಎಂಬುದು ಅವಳ ಪಲ್ಲವಿ. ಹತ್ತನೇ ವಯಸ್ಸಿಗೇ ಕಣ್ಣು ಕಳೆದುಕೊಂಡ ಅವಳು ಮೌಸ್ ಮುಟ್ಟಿದವಳಲ್ಲ. ಆಜ್ಞೆಗಳನ್ನು ಸಾಲುಸಾಲಾಗಿ ಟೈಪಿಸುತ್ತಾಳೆ, ಯಂತ್ರದ ಉತ್ತರವನ್ನು ಇಯರ್‌ಫೋನು ಉಳಿದವರಿಗೆ ಕಾಳು ಹುರಿದಂತೆ ಕೇಳುವ ವೇಗದಲ್ಲಿ ಓದುತ್ತದೆ. ಯಂತ್ರ ತಪ್ಪಾಗಿದೆ ಎಂದರೆ ಅದಕ್ಕೇ, “ಬಾಯಿಬಿಟ್ಟು ಹೇಳಿದೆಯಲ್ಲ, ಸದ್ಯ” ಎನ್ನುತ್ತಾಳೆ. ಮೊನ್ನೆ ಬೆಳಗ್ಗೆ ರಕ್ತದಾನಿಗಳ ಪುಟ ನಡೆಸುತ್ತಿದ್ದ ಹಳೆಯ ಯಂತ್ರ ಕೈಕೊಟ್ಟಿತು; ಅದೇ ಹೊತ್ತಿಗೆ ಹೆರಿಗೆ ವಾರ್ಡಿನವರು ಅಪರೂಪದ ಗುಂಪಿನ ರಕ್ತ ಕೇಳಿದರು. “ಹೊಸದರಲ್ಲಿ ಕೂರಿಸೋಕೆ ಎರಡು ದಿನ ಬೇಕು” ಎಂದು ಮೇಲಧಿಕಾರಿ ತಲೆಯ ಮೇಲೆ ಕೈಹೊತ್ತು ಕುಳಿತರು. ಮೊದಲೇ ಕಟ್ಟಿಟ್ಟಿದ್ದ ಡಬ್ಬಿಯನ್ನೂ ದಾನಿಗಳ ಪಟ್ಟಿಯ ಪ್ರತಿಯನ್ನೂ ಅವಳು ಹೊಸ ಯಂತ್ರಕ್ಕೆ ಇಳಿಸಿ, ಇನ್ನೊಂದು ಸಾಲು ಟೈಪಿಸಿ ಎಂಟರ್ ಒತ್ತಿದಳು. ಪುಟ ತೆರೆಯಿತು, ನರ್ಸು ದಾನಿಯ ನಂಬರು ಬರೆದುಕೊಂಡು ಓಡಿದಳು, ಅರ್ಧ ಗಂಟೆಯಲ್ಲಿ ದಾನಿ ಬಂದ ಸುದ್ದಿಯೂ ಬಂತು. ಕೋಣೆಯಿಡೀ ಚಪ್ಪಾಳೆ. ಸದ್ದಡಗಿದ ಮೇಲೆ ಅವಳು ಇಯರ್‌ಫೋನು ತೆಗೆದು, “ಮೂರು ವರ್ಷದಿಂದ ಈ ಪುಟಾನ ಸಾಕಿದೀನಿ, ನೋಡೋಕೆ ಹೇಗಿದೆ ಹೇಳಿ” ಎಂದಳು. ಮೇಲಧಿಕಾರಿ ಕುರ್ಚಿ ಹತ್ತಿರ ಎಳೆದುಕೊಂಡು, “ಮೇಲುಗಡೆ ಅಗಲವಾಗಿ ಒಂದು ಕೆಂಪು ಪಟ್ಟಿ ಇದೆ, ತಾಯಿ” ಎಂದು ಶುರುಮಾಡಿದರು. ಅವಳ ಮುಖ ಅರಳಿತು. “ಎಂಥಾ ಕೆಂಪು?” ಎಂದು ಕೇಳಿದಳು.