ಚೆನ್ನಾಗಿದ್ದ ಹಲ್ಲಿಗೆ ಕ್ಲಿಪ್ಪು

ನಮ್ಮ ಮನೆತನದಲ್ಲಿ ಯಾರಿಗೂ ಮನಸ್ಸಿನ ಕಾಯಿಲೆ ಇಲ್ಲ. ನಮ್ಮ ಸೋದರತ್ತೆ ಹೋದ ವರ್ಷದವರೆಗೂ ಹಾಗೇ ಹೇಳುತ್ತಿದ್ದಳು. ನಮ್ಮಲ್ಲಿ ಇರುವುದೆಲ್ಲ ಪಿತ್ತ, ಗ್ಯಾಸು, ದೃಷ್ಟಿ ಮತ್ತು ಹಲ್ಲುನೋವು. ಈ ಕೊನೆಯದು ನನ್ನ ಕಾಲದಲ್ಲಿ ಸೇರ್ಪಡೆಯಾದದ್ದು.

ನಾನಾಗ ಸಿರುಗುಪ್ಪದಲ್ಲಿ ಒಂಬತ್ತನೇ ತರಗತಿ. ಅಪ್ಪ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತ. ಗಿರಣಿಯ ಹಿಂದಿನ ಓಣಿಯಲ್ಲೇ ಮನೆ, ಒಗೆದು ಹಾಕಿದ ಬಟ್ಟೆಯ ಮೇಲೂ ಭತ್ತದ ಹೊಟ್ಟಿನ ಧೂಳು. ಆ ವರ್ಷ ದಸರಾ ರಜೆ ಮುಗಿದ ಮೇಲೆ ನನಗೆ ಶಾಲೆಯ ಗೇಟು ದಾಟಲು ಆಗದೇ ಹೋಯಿತು. ಗೇಟು ಕಂಡ ಕೂಡಲೇ ಎದೆ ಡವಗುಟ್ಟುತ್ತಿತ್ತು, ಕೈ ತಣ್ಣಗಾಗುತ್ತಿತ್ತು, ಇನ್ನೇನು ಸತ್ತೇ ಹೋಗುತ್ತೇನೆ ಅನ್ನಿಸುತ್ತಿತ್ತು. ವಿಚಿತ್ರವೆಂದರೆ ನನಗೆ ಶಾಲೆ ಅಂದರೆ ಪ್ರಾಣ. ಅರ್ಧ ದಾರಿಯಿಂದ ವಾಪಸ್ಸು ಬಂದವಳನ್ನು ಏನಾಯಿತೆಂದು ಕೇಳಿದರೆ ಹೇಳಲು ಬಾಯಿ ಬರುತ್ತಿರಲಿಲ್ಲ. ಬರಬರುತ್ತ ಮನೆಯಲ್ಲೂ ನನ್ನ ಮಾತು ನಿಂತಿತು. ಹೂಂ, ಉಹೂಂ, ಅಷ್ಟೇ.

ಸುದ್ದಿ ಕುರುಗೋಡಿಗೆ ಹೋಯಿತು. ಅಪ್ಪನ ಅಕ್ಕನನ್ನು ಕೊಟ್ಟದ್ದು ಅಲ್ಲಿಗೆ. ಕೊಟ್ಟರೇನು, ನಮ್ಮ ಮನೆಗೆ ಯಾವ ಬಣ್ಣದ ಪರದೆ ಎಂಬುದರಿಂದ ಹಿಡಿದು ಅಮ್ಮನಿಗೆ ಜ್ವರ ಬಂದಿದೆಯೋ ಇಲ್ಲವೋ ಎಂಬುದರವರೆಗೆ ಎಲ್ಲವನ್ನೂ ಅಲ್ಲಿಂದಲೇ ಅವಳು ತೀರ್ಮಾನಿಸುತ್ತಿದ್ದಳು. ಮರುದಿನವೇ ಬಂದಳು. ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದಳು, ನಾಲಿಗೆ ಚಾಚಿಸಿದಳು.

"ಯಾರದೋ ಕಣ್ಣು ಬಿದ್ದೈತಿ. ಯುಗಾದಿ ತನಕ ನೋಡೂಣು. ಆಗ್ಲೂ ಹಿಂಗ ಇದ್ಲಂದ್ರ ಸಾಲಿ ಬಿಡಿಸಿ ಮನ್ಯಾಗ ಕುಂದ್ರಿಸ್ರಿ" ಎಂದಳು.

ಅಪ್ಪ ತಲೆಯಾಡಿಸಿದ. ಅಕ್ಕನ ಮುಂದೆ ಅಪ್ಪನ ಕತ್ತಿಗೆ ತಿಳಿದಿದ್ದದ್ದು ಅದೊಂದೇ ಕೆಲಸ. ಅಮ್ಮ ಒಳಗೆ ಹೋಗಿ ಅನ್ನಕ್ಕಿಟ್ಟಳು. ನಾನು ಗೋಡೆಗೆ ಮುಖ ಮಾಡಿ ಕೂತು ಯುಗಾದಿ ಎಷ್ಟು ದೂರ ಇದೆ ಎಂದು ಯೋಚಿಸಿದೆ.

ನಮ್ಮ ಕ್ಲಾಸ್ ಟೀಚರು ಮನೆಗೆ ಬಂದು, ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಮನಸ್ಸನ್ನು ನೋಡುವ ಡಾಕ್ಟರು ಇದ್ದಾರೆ, ಆ ತಂಡ ತಿಂಗಳಿಗೊಮ್ಮೆ ನಮ್ಮ ತಾಲ್ಲೂಕು ಆಸ್ಪತ್ರೆಗೂ ಬರುತ್ತದೆ ಎಂದು ಹೇಳಿದರು. ಅಮ್ಮನ ಮುಖ ಸ್ವಲ್ಪ ಅರಳಿತು. ತಾಲ್ಲೂಕು ಆಸ್ಪತ್ರೆ ನಮ್ಮ ಮನೆಗೆ ತೀರಾ ಹತ್ತಿರ. ಅದರ ದೊಡ್ಡ ದೋಷವೂ ಅದೇ.

"ನಡಕೊಂತ ಹೋಗುವಷ್ಟು ಹತ್ರ ಐತಂದ್ರ ಅದು ಆಸ್ಪತ್ರಿ ಅಲ್ಲ, ಸಂತಿ. ಊರ ಮಂದಿ ಎಲ್ಲಾ ಅಲ್ಲೇ ಕುಂತಿರ್ತಾರ. ನಾಳೆ ಈಕಿನ್ನ ಯಾರು ಮಾಡ್ಕೋತಾರ?" ಎಂದಳು ಅತ್ತೆ.

ಹೀಗಾಗಿ ಬಾಗಿಲಿಗೇ ಬರುವ ಡಾಕ್ಟರನ್ನು ಬಿಟ್ಟು, ಅದೇ ಡಾಕ್ಟರನ್ನು ನೋಡಲು ಬಸ್ಸು ಹತ್ತಿ ಬಳ್ಳಾರಿಗೆ ಹೋಗುವುದೆಂದು ತೀರ್ಮಾನವಾಯಿತು. ಓಣಿಯವರಿಗೆ ಹೇಳಲು ಒಂದು ಕಾಯಿಲೆ ಬೇಕಾಯಿತು. ಹೊಟ್ಟೆನೋವು ಅನ್ನುವಂತಿಲ್ಲ, ಮದುವೆಯಾಗದ ಹುಡುಗಿಯ ಹೊಟ್ಟೆಯ ಬಗ್ಗೆ ಜನ ಬೇರೆಯೇ ಲೆಕ್ಕ ಹಾಕುತ್ತಾರೆ. ಎದೆ ಅಂದರೆ ಗಂಡು ಸಿಗುವುದಿಲ್ಲ. ತಲೆ ಅಂದರೆ ಮುಗಿದೇಹೋಯಿತು. ಇಡೀ ದೇಹವನ್ನು ಜಾಲಾಡಿದ ಅತ್ತೆಗೆ ಕಳಂಕವಿಲ್ಲದ ಅಂಗ ಅಂತ ಸಿಕ್ಕಿದ್ದು ಹಲ್ಲೊಂದೇ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗದ ಬೋರ್ಡಿನ ಕೆಳಗೆ ಉದ್ದನೆಯ ಬೆಂಚು ಖಾಲಿ ಇತ್ತು. ಜನವೆಲ್ಲ ಎದುರಿನ ಕಣ್ಣಿನ ವಿಭಾಗದ ಮುಂದೆ ನಿಂತಿದ್ದರು. ಚೀಟಿಯ ನಂಬರು ಕೂಗಿದಾಗ ಒಬ್ಬೊಬ್ಬರೇ ಆ ಕಡೆಯಿಂದ ಈ ಕಡೆಗೆ, ರಸ್ತೆ ದಾಟುವವರಂತೆ ಅತ್ತಿತ್ತ ನೋಡಿ, ಒಳಗೆ ನುಗ್ಗುತ್ತಿದ್ದರು. ಕುರುಗೋಡಿನಿಂದ ನೇರ ಅಲ್ಲಿಗೇ ಬಂದಿದ್ದ ಅತ್ತೆ ಪಕ್ಕದ ಹೆಂಗಸಿಗೆ, ಆಕೆ ಏನೂ ವಿಚಾರಿಸದಿದ್ದರೂ, ಹೇಳಿದಳು:

"ನಾವು ಹಲ್ಲಿಗೆ ಬಂದೀವ್ರಿ."

"ನಾವೂ ಅಷ್ಟರಿ" ಎಂದಳು ಆ ಹೆಂಗಸು. ಆಕೆಯ ಮಗ ಕಿವಿ ಮುಚ್ಚಿಕೊಂಡು ಕಂಬದ ಸುತ್ತ ತಿರುಗುತ್ತಿದ್ದ.

ಡಾಕ್ಟರು ನಡುವಯಸ್ಸಿನ ಹೆಂಗಸು, ಮೈಸೂರಿನ ಕಡೆಯ ಮಾತು. ಗೋಡೆಯ ಮೇಲೆ ಅಪ್ಪ ಅಮ್ಮ ಮಕ್ಕಳು ಕೈಹಿಡಿದು ನಗುವ ಚಿತ್ರವಿತ್ತು, ಅದರಲ್ಲಿ ಸೋದರತ್ತೆ ಇರಲಿಲ್ಲ. ನಮ್ಮಲ್ಲಿ ಇದ್ದಳು, ಡಾಕ್ಟರಿಗೆ ತೀರಾ ಹತ್ತಿರದ ಕುರ್ಚಿಯಲ್ಲಿ.

"ಶಾಲೆಗೆ ಹೊರಟಾಗ ಹೇಗನ್ನಿಸುತ್ತೆ ಪುಟ್ಟಾ?" ಎಂದು ಡಾಕ್ಟರು ನನ್ನನ್ನು ಕೇಳಿದರು.

"ಆಕಿಗೆ ಏನೂ ಅನ್ಸಂಗಿಲ್ರಿ ಮೇಡಮ್ಮಾರೆ" ಎಂದಳು ಅತ್ತೆ.

ಡಾಕ್ಟರು ನಗುವ, ಅಳುವ, ಹೆದರಿದ, ಸಿಟ್ಟಾದ ಮುಖಗಳಿರುವ ಹಾಳೆಯೊಂದನ್ನು ನನ್ನ ಮುಂದಿಟ್ಟು, ನಿನ್ನದು ಯಾವುದು ತೋರಿಸು ಎಂದರು. ನನ್ನ ಬೆರಳು ಹೆದರಿದ ಮುಖದ ಕಡೆಗೆ ಹೊರಟಿತ್ತು. ಅತ್ತೆಯ ಬೆರಳು ಅದಕ್ಕಿಂತ ಮೊದಲೇ ನಗುವ ಮುಖದ ಮೇಲೆ ಊರಿ ಕೂತಿತು. "ಮನ್ಯಾಗ ಯಾವಾಗ್ಲೂ ಹಿಂಗ ಇರ್ತಾಳ್ರಿ" ಎಂದಳು. ನಾನು ಬೆರಳು ಹಿಂದಕ್ಕೆಳೆದುಕೊಂಡೆ.

ದೊಡ್ಡವರೆಲ್ಲ ಹೊರಗೆ ಕೂತರೆ ಒಳ್ಳೆಯದು ಎಂದು ಡಾಕ್ಟರು ಹೇಳಿದರು. ಹೆಣ್ಣುಹುಡುಗಿಯನ್ನು ಒಬ್ಬಳನ್ನೇ ಹೇಗೆ ಬಿಡುವುದು ಎಂದು ಅತ್ತೆ ಕೇಳಿದಳು. ಹೊರಗೆ ಜನ ಗಲಾಟೆ ಮಾಡುತ್ತಿದ್ದರು, ಡಾಕ್ಟರಿಗೂ ಹೊತ್ತಿರಲಿಲ್ಲ. ಮಾತ್ರೆ ಬರೆದರು, ನಿಧಾನವಾಗಿ ಉಸಿರು ಬಿಡುವುದನ್ನು ಕಲಿಸಿದರು, ತಿಂಗಳು ಬಿಟ್ಟು ಬನ್ನಿ ಎಂದರು. ಹೊರಡುವಾಗ ನನ್ನ ಕಡೆಗೆ ಬಾಗಿ, ನೀನು ಮಾತಾಡಿದ ದಿನ ನನಗೆ ಅರ್ಧ ಕೆಲಸ ಮುಗಿದ ಹಾಗೆ ಎಂದರು. ಆ ಮಾತನ್ನು ನಾನು ಬಸ್ಸಿನ ತುಂಬ ಮನಸ್ಸಿನಲ್ಲೇ ಹೇಳಿಕೊಂಡು ಬಂದೆ.

ನಮ್ಮ ಓಣಿಯ ಜನ ಒಳ್ಳೆಯವರು, ಕಷ್ಟವಿದ್ದದ್ದು ಅದರಲ್ಲೇ. ಪಕ್ಕದ ಮನೆಯ ಚಿಗವ್ವ ಲವಂಗದ ಎಣ್ಣೆ ತಂದಳು. ಇನ್ನೊಬ್ಬರು ಅಗಿಯಲು ಕಷ್ಟವೆಂದು ಸಜ್ಜಕ ಮಾಡಿ ಕಳಿಸಿದರು. ನಾನು ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಎಲ್ಲರ ಕರುಣೆಯನ್ನೂ ತಿಂದೆ. ಎರಡನೇ ತಿಂಗಳೂ ನಾವು ಬಳ್ಳಾರಿ ಬಸ್ಸಿಗೆ ಹೊರಟಾಗ ಚಿಗವ್ವನಿಗೆ ಅನುಮಾನ ಬಂತು.

"ಅದ್ಯಾವ ಹಲ್ಲವ್ವಾ ಇಷ್ಟು ದಿನ ನೋಯೋದು? ನಮ್ಮ ಕಡಿ ಕಿತ್ತು ಒಗಿತಾರ" ಎಂದಳು.

ಅಮ್ಮ ಇದನ್ನು ಫೋನಿನಲ್ಲಿ ಅತ್ತೆಗೆ ಹೇಳಿದಳು. ಅತ್ತೆ ಸುಳ್ಳಿಗೆ ಹೆದರುವವಳಲ್ಲ, ಸುಳ್ಳಿಗೆ ಸಾಕ್ಷಿಯಿಲ್ಲದಿದ್ದರೆ ಹೆದರುವವಳು. ಆ ಸಲ ಬಳ್ಳಾರಿಯಲ್ಲಿ ಆಸ್ಪತ್ರೆಯ ಕೆಲಸ ಮುಗಿದ ಮೇಲೆ ನಮ್ಮನ್ನು ಕೌಲ್ ಬಜಾರಿನ ಹಲ್ಲಿನ ಡಾಕ್ಟರೊಬ್ಬರ ಬಳಿ ಕರೆದೊಯ್ದಳು. ಆತ ನನ್ನ ಬಾಯಿಗೆ ದೀಪ ಹಿಡಿದು, ಹಲ್ಲು ಚೆನ್ನಾಗಿವೆ ಎಂದ.

"ಇರಲ್ರಿ, ಕ್ಲಿಪ್ ಹಾಕ್ರಿ" ಎಂದಳು ಅತ್ತೆ. "ತಿಂಗಳಾ ತಿಂಗಳಾ ತಂತಿ ಬಿಗಿ ಮಾಡ್ಸಾಕ ಬರಬೇಕಾಗ್ತೈತಂತಲ್ಲ, ನಮಗ ಅದಾ ಬೇಕಾಗಿತ್ತು."

ಆತ ಮತ್ತೊಮ್ಮೆ ನೋಡಿದ. ಈ ಸಲ ಮುಂದಿನ ಹಲ್ಲೊಂದು ತುಸು ಓರೆಯಾಗಿ ಕಂಡಿತು. ಹುಡುಕಿದರೆ ಯಾರ ಬಾಯಲ್ಲಾದರೂ ಕಂಡೀತು. ಅಪ್ಪ ತಲೆಯಾಡಿಸಿದ. ಹೀಗೆ, ಮಾತು ಬಾರದ ಹುಡುಗಿಯ ಬಾಯಿಗೆ ನಮ್ಮ ಮನೆಯವರೆಲ್ಲ ಸೇರಿ ತಂತಿ ಬಿಗಿಸಿದರು.

ಊರಿನಲ್ಲಿ ಕ್ಲಿಪ್ಪಿಗೆ ಭಾರೀ ಮರ್ಯಾದೆ ಸಿಕ್ಕಿತು. ಚಿಗವ್ವ ನನ್ನ ತುಟಿ ಎತ್ತಿ ನೋಡಿ ಓಣಿಗೆಲ್ಲ ವರದಿ ಒಪ್ಪಿಸಿದಳು. ನನಗೆ ಒಳಗೆಲ್ಲ ಹುಣ್ಣು. ಗಂಜಿ ಕುಡಿದರೂ ಕಣ್ಣಲ್ಲಿ ನೀರು. ಯುಗಾದಿ ಹತ್ತಿರ ಬರುತ್ತಿತ್ತು.

ಮುಂದಿನ ತಿಂಗಳು ಆಸ್ಪತ್ರೆಯ ಡಾಕ್ಟರು ನನ್ನ ಬಾಯಿ ನೋಡಿ, ಇದ್ಯಾಕೆ ಹಾಕಿಸಿದಿರಿ ಎಂದು ಕೇಳಿದರು. ಅತ್ತೆ ಬಹಳ ಹೆಮ್ಮೆಯಿಂದ ಎಲ್ಲವನ್ನೂ ವಿವರಿಸಿದಳು: ಹೊಟ್ಟೆ ಯಾಕೆ ಬೇಡವಾಯಿತು, ಎದೆ ಯಾಕೆ ಬೇಡವಾಯಿತು, ಈಗ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ ಎಂಬುದು. ಡಾಕ್ಟರು ಪೆನ್ನು ಕೆಳಗಿಟ್ಟರು. ಅಪ್ಪ ಅಭ್ಯಾಸಬಲದಿಂದ ತಲೆಯಾಡಿಸುತ್ತಿದ್ದ. ಆ ಆಡುವ ತಲೆಯನ್ನು ನೋಡಿ ನನಗೆ ಎಲ್ಲಿಂದಲೋ ಸಿಟ್ಟು ಬಂತು.

"ನನ್ನ ಹಲ್ಲು ಚಲೋನ ಇದ್ವು" ಎಂದೆ.

ಎಷ್ಟೋ ತಿಂಗಳ ಮೇಲೆ ನಾನಾಡಿದ ಪೂರ್ತಿ ವಾಕ್ಯ ಅದು. ತಂತಿಯ ನಡುವಿನಿಂದ ಬಂದದ್ದರಿಂದ ಸ್ವಲ್ಪ ತೊದಲಿತು. ಆದರೂ ಎಲ್ಲರಿಗೂ ಕೇಳಿಸಿತು.

"ನನಗ ಅಂಜಿಕಿ ಆಗ್ತೈತಿ. ಗೇಟು ನೋಡಿದ್ರ ಉಸಿರು ಹಿಡಿತೈತಿ. ಹಲ್ಲಿಗೆ ಏನೂ ಆಗಿಲ್ಲ."

ಅತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಅಮ್ಮ ಎದ್ದು ನಿಂತಳು. ಆ ಕೋಣೆಯಲ್ಲಿ ಅಮ್ಮನಿಗೆ ಮೊದಲ ಸಲ ಕುರ್ಚಿ ಸಿಕ್ಕಿದ್ದೇ ಆ ದಿನ, ಅದನ್ನೂ ಬಿಟ್ಟು ನಿಂತಳು. "ಅಕ್ಕಾರ, ನಾವು ಹೊರಗ ಕುಂದರೂಣು ಬರ್ರಿ" ಎಂದು ಅತ್ತೆಯ ಮೊಣಕೈ ಹಿಡಿದು ಎಬ್ಬಿಸಿಕೊಂಡು ಹೋಗಿ, ಬೋರ್ಡಿನ ಕೆಳಗಿನ ಖಾಲಿ ಬೆಂಚಿನ ಮೇಲೆ ಕೂರಿಸಿದಳು. ನನಗೆ ಅಮ್ಮನ ಮೇಲೆ ಅಷ್ಟು ಪ್ರೀತಿ ಅದಕ್ಕೂ ಮೊದಲು ಬಂದಿರಲಿಲ್ಲ.

ಆಮೇಲಿನದು ನಿಧಾನದ ಕೆಲಸ. ಮೊದಲು ಶಾಲೆಯ ಎದುರಿನ ಅಂಗಡಿಯವರೆಗೆ, ಆಮೇಲೆ ಗೇಟಿನವರೆಗೆ, ಆಮೇಲೆ ಒಂದು ಪೀರಿಯಡ್ಡು. ಯುಗಾದಿ ಹೊತ್ತಿಗೆ ಒಂಬತ್ತನೇ ತರಗತಿಯ ಪರೀಕ್ಷೆಗೆ ಕೂತೆ. ಕ್ಲಿಪ್ಪು ಮಾತ್ರ ಹೋಗಲಿಲ್ಲ, ಹಲ್ಲು ಜರುಗಲು ಶುರುಮಾಡಿವೆ, ನಡುವೆ ತೆಗೆಯುವಂತಿಲ್ಲ ಎಂದು ಹಲ್ಲಿನ ಡಾಕ್ಟರು ಹೇಳಿದರು. ಹೀಗಾಗಿ ನನ್ನ ಹತ್ತನೇ ತರಗತಿಯ ಫೋಟೋದಲ್ಲಿ ಮನೆತನದ ಮಾನ ಫಳಫಳ ಹೊಳೆಯುತ್ತಿದೆ.

ಈಗ ನಾನು ಬಳ್ಳಾರಿಯಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ, ದಿನಾ ಗೇಟು ದಾಟುತ್ತೇನೆ. ಹೋದ ವರ್ಷ ಅತ್ತೆ ಫೋನು ಮಾಡಿದಳು. ಅವಳ ಮೊಮ್ಮಗಳು ಶಾಲೆಯ ಹೊತ್ತಾದರೆ ಮಂಚದ ಕಾಲು ಹಿಡಿದುಕೊಂಡು ಬಿಡುತ್ತಿಲ್ಲವಂತೆ, ಮೈಯೆಲ್ಲ ನಡುಗುತ್ತದಂತೆ. ಆಸ್ಪತ್ರೆಯಲ್ಲಿ ಆ ಕೋಣೆ ಎಲ್ಲಿತ್ತು ಎಂದು ಕೇಳಿ, ಉಸಿರು ತೆಗೆದುಕೊಳ್ಳದೆ ಮುಂದುವರಿಸಿದಳು: "ಕಣ್ಣಿಗಂತ ಹೇಳಿದ್ರ ಹೆಂಗ? ಒಂದು ಚಾಳೀಸು ಹಾಕ್ಸಿಬಿಡಬಹುದು."

"ಅತ್ತಿ, ಆಕಿ ಕಣ್ಣು ಚಲೋ ಅದಾವ. ನಾನ ಬರ್ತೀನಿ ತಡಿ" ಎಂದೆ.

ಕುರುಗೋಡಿಗೆ ಹೋಗಿ ಇಬ್ಬರನ್ನೂ ಕರೆದುಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಅವರ ಓಣಿಯ ಹೆಂಗಸೊಬ್ಬಳಿದ್ದಳು. ತಿರುಗಿ, ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಕಿಟಕಿಯಾಚೆ ನೋಡಿ, ಗಂಟಲು ಸರಿಮಾಡಿಕೊಂಡಳು.

"ಮನಸಿನ ಡಾಕ್ಟರ ಹತ್ರ" ಎಂದಳು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಈಕಿಗೆ. ಸಣ್ಣಾಕಿದ್ದಾಗಿಂದ್ಲೂ ಸ್ವಲ್ಪ ಐತಿ" ಎಂದಳು.

ಅಲ್ಲವೆನ್ನಲು ಹೊರಟೆ. ಆದರೆ ನಮ್ಮಿಬ್ಬರ ನಡುವೆ ಕೂತಿದ್ದ ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ನಾಚಿಕೊಳ್ಳುತ್ತೇನೋ ಇಲ್ಲವೋ ಎಂದು.

"ಹೌದ್ರಿ. ನನಗ ಭಾಳ ಅಂಜಿಕಿ ಇತ್ತು, ಅಲ್ಲಿಗೆ ಹೋಗೇ ಕಡಿಮಿ ಆತು" ಎಂದೆ. ಆ ಹೆಂಗಸು ಓಹೋ ಎಂದು ಮುಂದಕ್ಕೆ ತಿರುಗಿದಳು.

ಕ್ಲಿಪ್ಪಿನ ಕಥೆ ಕೇಳಿದ್ದ ಹುಡುಗಿ ನನ್ನ ಸೆರಗು ಎಳೆದಳು. "ಅಲ್ಲಿ ಬಾಯಾಗ ತಂತಿ ಹಾಕ್ತಾರೇನು?"

"ಇಲ್ಲವ್ವ. ಬರೇ ಮಾತು ಕೇಳ್ತಾರ. ನೀನು ಏನರ ಹೇಳಬಹುದು."

ಅವಳು ನನ್ನ ಸೆರಗು ಬಿಟ್ಟಳು. ಆಮೇಲೆ ಅತ್ತೆಯ ಕಡೆ ತಿರುಗಿ ಹೇಳಿದಳು:

"ಹಂಗಿದ್ರ ಅಜ್ಜಿ, ನೀ ಹೊರಗ ಕುಂದರು."